ಹೆಚ್ಚಾದವರು ಯಾರು?

ಕಳೆದ ವರ್ಷ ಬಿ.ಎ. ತರಗತಿಯಲ್ಲಿ ಸಿದ್ಧಲಿಂಗಯ್ಯನವರ ‘ಊರುಕೇರಿ’ ಪಾಠ ಮಾಡುತ್ತ, ಬೆಂಗಳೂರಿನ ಕೊಳೆಗೇರಿ ‘ಜನಸಂಖ್ಯಾ ಸ್ಫೋಟದ ಪರಿಣಾಮ’ ಎಂದುಬಿಟ್ಟೆ. ನೋಟ್ಸಿನಲ್ಲಿ ಹಾಗೇ ಇತ್ತು. ಮಮದಾಪುರದ ಹುಡುಗಿಯೊಬ್ಬಳು ಎದ್ದು ನಿಂತಳು: “ಸರ, ನಮ್ಮವ್ವ ನಮ್ಮಪ್ಪ ಬೆಂಗಳೂರಾಗ ಬಿಲ್ಡಿಂಗ್ ಕೆಲಸಕ್ಕ ಹೋಗ್ಯಾರ್ರಿ. ತಗಡಿನ ಶೆಡ್ಡಿನ್ಯಾಗ ಅದಾರ. ಅವರೂ ಸ್ಫೋಟ ಆದವ್ರೇನ್ರಿ?” ಕ್ಲಾಸು ನಕ್ಕಿತು. ನನಗೆ ನಗು ಬರಲಿಲ್ಲ. ನಾನೂ ಅದೇ ಊರಿನ ಕೇರಿಯವನು.

ನಮ್ಮೂರಿಗೆ ಆದಿಲ್‌ಶಾಹಿ ಕಾಲದ ದೊಡ್ಡ ಕೆರೆಯಿದೆ. ಹೊಲವೇ ಇಲ್ಲದ ನಮ್ಮಂಥ ಮನೆಗಳಿಗೆ ಕೆರೆ ತುಂಬಿದರೇನು, ಬತ್ತಿದರೇನು? ಗಂಟು ಕಟ್ಟಿಕೊಂಡು ಬಸ್ ಹತ್ತುವುದು ತಪ್ಪಲಿಲ್ಲ.

‘ಊರುಕೇರಿ’ಯ ಆರಂಭದಲ್ಲಿ ಇಬ್ಬರು ಮನುಷ್ಯರು ಎತ್ತುಗಳಂತೆ ನೊಗ ಹೊತ್ತಿದ್ದಾರೆ. ಅವರಲ್ಲೊಬ್ಬ ಲೇಖಕನ ಅಪ್ಪ. ಮುಂದೆ ಆ ಕುಟುಂಬ ಬೆಂಗಳೂರು ಸೇರುತ್ತದೆ. ನಮ್ಮ ವಿಮರ್ಶೆ ನೊಗವನ್ನು ಜಾತಿಯ ಕಥೆಯೆಂದೂ ಶ್ರೀರಾಮಪುರವನ್ನು ಬಡತನದ, ತಮಾಷೆಯ ಕಥೆಯೆಂದೂ ಬೇರೆ ಮಾಡಿ ಓದಿತು. ನಾನೂ ಹಾಗೇ ಓದಿದೆ. ನೊಗ ಕಳಚಿಕೊಂಡವರೇ ನಗರದಲ್ಲಿ ‘ಜನಸಂಖ್ಯೆ’ ಆಗುತ್ತಾರೆಂಬುದು ಕಾಣಲಿಲ್ಲ. ಸಿದ್ಧಲಿಂಗಯ್ಯನವರ ಕೇರಿಯಲ್ಲಿ ಗುಂಪಿಲ್ಲ, ಮನುಷ್ಯರಿದ್ದಾರೆ. ಅವರ ನಗೆಯ ರಾಜಕೀಯ ಇದೇ ಅಂತ ಈಗ ನನಗನಿಸುತ್ತದೆ.

ಲೆಕ್ಕವನ್ನೂ ನೋಡೋಣ. 2001ರಲ್ಲಿ ಸುಮಾರು 57 ಲಕ್ಷವಿದ್ದ ಬೆಂಗಳೂರು 2011ಕ್ಕೆ 85 ಲಕ್ಷವಾಯಿತು. ಇದಿಷ್ಟೂ ಬಡವರ ತೊಟ್ಟಿಲಿನಿಂದ ಬಂತೇ? 2007ರಲ್ಲಿ ಪಾಲಿಕೆ 110 ಹಳ್ಳಿಗಳನ್ನು ಒಳಗೆ ಹಾಕಿಕೊಂಡಿತು. ಐಟಿ, ಕಟ್ಟಡ, ಮೆಟ್ರೋ ಕೂಲಿಗಳನ್ನು ಕರೆಸಿಕೊಂಡವು. ಅತ್ತ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಹೆಣ್ಣೊಬ್ಬಳಿಗೆ ಸರಾಸರಿ ಮಕ್ಕಳು 1.7 ಮಾತ್ರ.

ಕರೆಸಿಕೊಂಡವರಿಗೆ ಜಾಗವಿಲ್ಲ. 2013ರ ಜನವರಿಯಲ್ಲಿ ಈಜೀಪುರದಲ್ಲಿ, 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಬಡವರ ಮನೆ, ಗುಡಿಸಲು ಕೆಡವಿದರು. ಅದೇ 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನಲ್ಲಿ ಹೊರರಾಜ್ಯದ ಕೂಲಿಗಳು ಊರಿಗೆ ಹೊರಟಾಗ, ಬಿಲ್ಡರುಗಳ ಜೊತೆ ಸಭೆಯಾದ ಮೇಲೆ ಸರ್ಕಾರ ಅವರ ರೈಲುಗಳನ್ನೇ ರದ್ದುಮಾಡಿತು. ಟೀಕೆ ಬಂದ ಮೇಲೆ ಬಿಟ್ಟಿತು. ಜನ ಹೆಚ್ಚಾಗಿದ್ದರೆ ತಡೆದದ್ದು ಯಾಕೆ, ಗೆಳೆಯರೆ?

ಜನಸಂಖ್ಯೆಯ ಮಾತೇ ಬೇಡ ಅನ್ನುತ್ತಿಲ್ಲ. 1938ರ ನವೆಂಬರಿನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಸಂತತಿ ನಿಯಂತ್ರಣದ ಪರ ಗೊತ್ತುವಳಿ ತಂದದ್ದು ಬಾಬಾಸಾಹೇಬರ ಸ್ವತಂತ್ರ ಕಾರ್ಮಿಕ ಪಕ್ಷವೇ. ಆಗ ನಮ್ಮ ಬಿಜಾಪುರ ಜಿಲ್ಲೆಯೂ ಮುಂಬಯಿ ಪ್ರಾಂತ್ಯದ್ದು. ಗೊತ್ತುವಳಿ ಸೋತಿತು. ಆದರೆ ಆ ವಾದದ ನಡುವೆ ಹೆರುವ ಹೆಣ್ಣಿನ ನೋವು, ಆರೋಗ್ಯ ಇದ್ದವು. ನಮ್ಮ ಪಠ್ಯಗಳ ‘ಸ್ಫೋಟ’ದಲ್ಲಿ ಆ ತಾಯಿ ಇಲ್ಲ.

ನೋಟ್ಸಿನ ಆ ಸಾಲು ಹೊಡೆದುಹಾಕಿದ್ದೇನೆ. ದೀಪಾವಳಿ ರಜೆಯಲ್ಲಿ ಆ ಹುಡುಗಿ ಅವ್ವನ ಹತ್ತಿರ ಹೋಗಿಬಂದಳು. ಶೆಡ್ಡಿನ ಬಗ್ಗೆ ಬರೆದುಕೊಡು ಅಂದಿದ್ದೇನೆ. ಇನ್ನೂ ಕೊಟ್ಟಿಲ್ಲ.