ಸಕ್ಕರೆ ಅಚ್ಚು, ಸಕ್ಕರೆ ಸೋರೆ

ಸಕ್ಕರೆ ಅಚ್ಚಿನ ಅಂದವನ್ನು ಹೊಗಳುವವರು ಪ್ರತಿ ಜನವರಿಯಲ್ಲೂ ಸಿಗುತ್ತಾರೆ. ಅದನ್ನು ತಿಂದು ನೋಡಿ ಹೇಗಿದೆಯೆಂದು ಹೇಳಿದವರನ್ನು ಮಾತ್ರ ನಾನು ಕಂಡಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂದದ್ದು ತಂಗಿಯ ಮಗಳಿಂದ.

ಕಳೆದ ಸಂಕ್ರಾಂತಿಗೆ ಎರಡು ದಿನ ಮುಂಚೆ ಅವಳು ಬಸವನಗುಡಿಯ ನಮ್ಮ ಮನೆಗೆ ಬಂದಳು. ಕೈಯಲ್ಲಿ ಬಿದಿರು ಕಡ್ಡಿಗಳ ಕಟ್ಟು, ಒಂದು ಡಬ್ಬ ಸ್ಟ್ರಾಬೆರಿ. ಮೊಬೈಲಿನಲ್ಲಿ ನೋಡಿದ ಚೀನೀ ತಿಂಡಿಯೊಂದನ್ನು ಮಾಡಬೇಕಂತೆ. ಹೆಸರು ತಾಂಗ್‌ಹುಲು. 'ತಾಂಗ್' ಎಂದರೆ ಸಕ್ಕರೆ, 'ಹುಲು' ಎಂದರೆ ಸೋರೆ ಬುರುಡೆ. ಬೀಜಿಂಗಿನಂಥ ಉತ್ತರದ ಊರುಗಳಲ್ಲಿ ಅದು ಚಳಿಗಾಲದ ಬೀದಿ ತಿಂಡಿ. 'ಶಾನ್‌ಜಾ' ಎಂಬ ಹುಳಿ ಹಣ್ಣನ್ನು ಕಡ್ಡಿಗೆ ಪೋಣಿಸಿ, ಬಿಸಿ ಪಾಕದಲ್ಲಿ ಹೊರಳಿಸಿ ಆರಲು ಬಿಡುತ್ತಾರೆ. ಹಣ್ಣಿನ ಮೇಲೆ ಗಾಜಿನಂಥ ಪದರ ಕಟ್ಟುತ್ತದೆ.

ಗಾಂಧಿ ಬಜಾರಿನಿಂದ ನಾನು ತಂದಿದ್ದ ಸಕ್ಕರೆ ಅಚ್ಚಿನ ಪೊಟ್ಟಣ ಮೇಜಿನ ಮೇಲಿತ್ತು.

"ದೊಡ್ಡಮ್ಮ, ಇದನ್ನ ಯಾರೂ ತಿನ್ನಲ್ಲ. ಆಮೇಲೆ ನೀನೇ ಕಾಫಿಗೆ ಹಾಕ್ತೀಯ. ಮತ್ತೆ ಯಾಕೆ ತರ್ತೀಯ?"

ಉತ್ತರ ಹೊಳೆಯಲಿಲ್ಲ. ಅಟ್ಟದಿಂದ ಅಮ್ಮನ ಮರದ ಅಚ್ಚುಗಳನ್ನು ಇಳಿಸಿ ನೀರಿನಲ್ಲಿ ನೆನೆಹಾಕಿದೆ. "ಎರಡನ್ನೂ ಮಾಡೋಣ, ಆಮೇಲೆ ಹೇಳ್ತೀನಿ" ಎಂದೆ.

ಎರಡಕ್ಕೂ ಬೇಕಾದದ್ದು ಸಕ್ಕರೆ, ನೀರು, ಬೆಂಕಿ. ಆದರೆ ಒಂದರ ಗುಣ ಇನ್ನೊಂದಕ್ಕೆ ದೋಷ. ಅಚ್ಚಿಗಾದರೆ ಪಾಕಕ್ಕೆ ತುಸು ಹಾಲು ಬಿಟ್ಟು, ಮೇಲೆ ಬರುವ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಒಂದೊಂದೇ ಸೌಟನ್ನು ಸಣ್ಣ ಬಾಣಲೆಯಲ್ಲಿ ಕಾಯಿಸುತ್ತ ತಿರುವಬೇಕು. ತಿರುವಿದಂತೆ ಸಕ್ಕರೆ ಮತ್ತೆ ಸಣ್ಣ ಹರಳಾಗಿ ಬೆಳ್ಳಗಾಗುತ್ತದೆ. ಆ ಗಳಿಗೆಯಲ್ಲೇ ಅಚ್ಚಿಗೆ ಸುರಿಯಬೇಕು. ತಾಂಗ್‌ಹುಲುವಿಗೆ ಎರಡು ಪಾಲು ಸಕ್ಕರೆ, ಒಂದು ಪಾಲು ನೀರು. ಸಕ್ಕರೆ ಕರಗಿದ ಮೇಲೆ ಸೌಟು ಹಾಕಲೇಬಾರದು. ತಿರುವಿದರೆ ಹರಳುಗಟ್ಟುತ್ತದೆ, ಗಾಜಾಗುವುದಿಲ್ಲ. ಪಾಕ ಸುಮಾರು 150 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ, ತಣ್ಣೀರಿಗೆ ಬಿಟ್ಟ ಹನಿ ಲಟಕ್ಕನೆ ಮುರಿದರೆ ಆಯಿತು. ಕಡಲೆ ಮಿಠಾಯಿಯ ಬೆಲ್ಲದ ಪಾಕಕ್ಕೆ ನಮ್ಮವರು ಮಾಡುವ ಪರೀಕ್ಷೆಯೂ ಇದೇ.

ಅವಳು ನೋಡಿದ ವಿಡಿಯೋದಲ್ಲಿ ಇದಾವುದೂ ಇರಲಿಲ್ಲ. ಅದರಲ್ಲಿ ಕೇಳಿಸಿದ್ದು ಹಲ್ಲಿಗೆ ಪದರ ಒಡೆಯುವ ಸದ್ದು ಮಾತ್ರ. ಅಷ್ಟು ಕಾದ ಪಾಕ ಚರ್ಮಕ್ಕೆ ಸಿಡಿದರೆ ನೀರಿನಂತೆ ಜಾರಿ ಹೋಗದೆ ಅಂಟಿಕೊಂಡು ಸುಡುತ್ತದೆ ಎಂಬ ಒಂದು ಮಾತನ್ನಾದರೂ ಹೇಳಬಹುದಿತ್ತು. ಒಲೆಯ ಮುಂದೆ ನಾನೇ ನಿಂತೆ.

ಸ್ಟ್ರಾಬೆರಿ ನಮ್ಮನ್ನು ಸೋಲಿಸಿತು. ಹಣ್ಣು ನೀರು ಬಿಟ್ಟುಕೊಂಡು ಪದರ ಜಾರಿತು. ಆಗ ಕಣ್ಣಿಗೆ ಬಿದ್ದದ್ದು ಪಕ್ಕದ ಮನೆಯ ಮಗುವಿಗೆ ಎರೆಯಲೆಂದು ತಂದಿದ್ದ ಎಲಚಿಹಣ್ಣು. ಒಣ ಸಿಪ್ಪೆ, ಒಳಗೆ ಹುಳಿ. ಒರೆಸಿ, ಕಡ್ಡಿಗೆ ಚುಚ್ಚಿ, ಪಾಕದಲ್ಲಿ ಹೊರಳಿಸಿದೆ. ಪದರ ಹಿಡಿದು ನಿಂತಿತು. ಕಚ್ಚಿದರೆ ಮೊದಲು ಸದ್ದು, ಆಮೇಲೆ ಸಿಹಿ, ಅದರ ಬೆನ್ನಿಗೇ ಹುಳಿ. ಬೀಜ ಉಗಿದು ಇನ್ನೊಂದು ತಿಂದೆ.

ನಾಲಿಗೆಯ ಮಟ್ಟಿಗೆ ಚೀನೀ ತಿಂಡಿ ಗೆದ್ದಿತೆಂದು ಒಪ್ಪಿದೆ. ಅಚ್ಚು ಮೊದಲಿನಿಂದ ಕೊನೆಯವರೆಗೆ ಬರೀ ಸಿಹಿ. ಆದರೆ ಸಂಜೆಯ ಹೊತ್ತಿಗೆ ಕಡ್ಡಿಗಳು ತೇವ ಎಳೆದುಕೊಂಡು ಅಂಟಂಟಾಗಿ ತಟ್ಟೆಗೆ ಕಚ್ಚಿಕೊಂಡಿದ್ದವು. ಬೀಜಿಂಗಿನ ಒಣ ಚಳಿಯಲ್ಲಿ ಹುಟ್ಟಿದ ತಿಂಡಿಗೆ ನಮ್ಮ ಅಡುಗೆಮನೆ ಒಗ್ಗಲಿಲ್ಲ. ಅಚ್ಚುಗಳು ಒಣಗಿ ಗಟ್ಟಿಯಾಗಿದ್ದವು. ಮಾಡಿದ ಹನ್ನೊಂದರಲ್ಲಿ ನಾಲ್ಕು ಮಾತ್ರ ಸರಿಯಾಗಿ ಬಿಟ್ಟುಕೊಂಡಿದ್ದವು. ಗಿಣಿಯ ಕೊಕ್ಕು ಮುರಿದಿತ್ತು.

ರಾತ್ರಿ ಎಳ್ಳುಬೆಲ್ಲ ಬೆರೆಸುವಾಗ ನನ್ನ ತೀರ್ಪಿನ ತಪ್ಪು ತಿಳಿಯಿತು. ಹಣ್ಣಿಲ್ಲದ ಪದರವನ್ನಷ್ಟೇ ತಿಂದು ಯಾರೂ ತಾಂಗ್‌ಹುಲುವನ್ನು ಅಳೆಯುವುದಿಲ್ಲ. ಎಳ್ಳು, ಕೊಬ್ಬರಿ, ಕಡಲೆಬೀಜ, ಹುರಿಗಡಲೆಗಳ ಜೊತೆ ಬಾಯಿಗೆ ಹೋಗಬೇಕಾದ ಅಚ್ಚನ್ನು ನಾನು ಒಂಟಿಯಾಗಿ ಅಳೆದಿದ್ದೆ. ಚೂರು ಮುರಿದು ಎಳ್ಳಿನೊಂದಿಗೆ ಬಾಯಿಗೆ ಹಾಕಿಕೊಂಡೆ. ಎಳ್ಳಿನ ಸಣ್ಣ ಕಹಿಗೆ ಆ ಸಿಹಿ ಬೇಕಾಗಿತ್ತು. ಅಚ್ಚನ್ನು ಹೀಗೆ ಒಂಟಿ ಮಾಡಿದವರು ನಾವೇ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬಂದ ಅಚ್ಚು ಬಿಚ್ಚದೆಯೇ ಮನೆಯಿಂದ ಮನೆಗೆ ದಾಟುತ್ತದೆ. ಒಮ್ಮೆ ನಾನು ಕೊಟ್ಟ ಪೊಟ್ಟಣ ಮೂರನೆಯ ದಿನ ನನಗೇ ತಿರುಗಿ ಬಂದದ್ದೂ ಉಂಟು.

ಹಬ್ಬದ ಸಂಜೆ ಎಳ್ಳು ಬೀರಲು ಹುಡುಗಿಯನ್ನು ಕಳಿಸಿದೆ. ಕೊಕ್ಕು ಮುರಿದ ಗಿಣಿಯನ್ನು ನಾನು ತೆಗೆದಿಟ್ಟಿದ್ದೆ. ಅವಳು ನನ್ನ ಕಣ್ಣು ತಪ್ಪಿಸಿ ಅದನ್ನೂ ತಟ್ಟೆಗಿಟ್ಟುಕೊಂಡು ಹೋಗಿದ್ದಳು. ಎದುರುಮನೆಯ ಅಜ್ಜಿ ಅಂಗಡಿಯ ಅಚ್ಚುಗಳನ್ನು ಡಬ್ಬಕ್ಕೆ ಸುರಿದು, ಆ ಗಿಣಿಯನ್ನು ಮಾತ್ರ ಅಂಗೈಯಲ್ಲಿಟ್ಟುಕೊಂಡು, "ಇದನ್ನ ಯಾರು ಮಾಡಿದ್ದು ಮಗು?" ಎಂದು ಕೇಳಿದರಂತೆ.

ಇಷ್ಟು ವರ್ಷ ಅಂಗಡಿಯ ಅಚ್ಚು ಬೀರಿದ್ದೇನೆ. ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.