ಪರದೆಯ ಆಯುಸ್ಸು, ಯಂತ್ರದ ಆಯುಸ್ಸು

ಫೋಟೊ ತಿದ್ದಲೆಂದು ಕಂಪ್ಯೂಟರ್ ಕೊಳ್ಳಹೊರಟವರು ಮೊದಲು ವಿಚಾರಿಸುವುದು ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು ಎಂದು. ಮಾನಿಟರಿನ ಮಾತು ಬರುವುದು ಬಿಲ್ ಹಾಕುವ ಹೊತ್ತಿಗೆ. ಎಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಿದ ಆಲ್-ಇನ್-ಒನ್ ಆದರೆ ಆ ಮಾತೂ ಬರುವುದಿಲ್ಲ. ಛಾಯಾಗ್ರಾಹಕರು ಯೋಚನೆ ಶುರುಮಾಡಬೇಕಾದ್ದು ಅಲ್ಲಿಂದಲೇ. ಒಳ್ಳೆಯ ಪರದೆ ಹತ್ತು ವರ್ಷ ಬಾಳುತ್ತದೆ. ಅದನ್ನು ನಡೆಸುವ ಯಂತ್ರ ಐದಾರು ವರ್ಷಕ್ಕೇ ಏದುಸಿರು ಬಿಡುತ್ತದೆ. ಎರಡಕ್ಕೂ ಒಂದೇ ನೊಗ ಹೂಡಿದರೆ ಎತ್ತು ಏರಿಗೆ, ಕೋಣ ನೀರಿಗೆ.

ಆಪಲ್‌ನ 27 ಇಂಚಿನ 5ಕೆ ಐಮ್ಯಾಕ್ ನೋಡಿ. 2014ರಲ್ಲಿ ಬಂದ ಅದರ ಪರದೆ 5120×2880, ಅಂದರೆ ಸುಮಾರು 1.47 ಕೋಟಿ ಪಿಕ್ಸೆಲ್. ಆ ಸೂಕ್ಷ್ಮತೆ ಇವತ್ತಿಗೂ ಹಳತೆನಿಸದು. ಆದರೆ ಆ ಮೊದಲ ಮಾದರಿಗೆ ಸಿಕ್ಕ ಕೊನೆಯ ಮ್ಯಾಕ್‌ಒಎಸ್ 2020ರ ಬಿಗ್ ಸರ್. 2023ರಲ್ಲಿ ಲೈಟ್‌ರೂಮಿಗೆ ಬಂದ ಎಐ ಡಿನಾಯ್ಸ್‌ನಂಥ ಸೌಲಭ್ಯಗಳಿಗೆ ಬೇಕಾದ ಗ್ರಾಫಿಕ್ಸ್ ಬಲವೂ ಅದರಲ್ಲಿಲ್ಲ. ಅದಕ್ಕೂ ಹಿಂದಿನ ಕೆಲವು ಐಮ್ಯಾಕ್‌ಗಳನ್ನು ಕೇಬಲ್ ಹಾಕಿ ಇನ್ನೊಂದು ಮ್ಯಾಕ್‌ನ ಮಾನಿಟರಾಗಿ ಬಳಸಬಹುದಿತ್ತು. 5ಕೆ ಬಂದಾಗ ಆ ದಾರಿಯೂ ಮುಚ್ಚಿತು. ಹೀಗೆ ಕಣ್ಣು ಚೆನ್ನಾಗಿರುವಾಗಲೇ ಇಡೀ ದೇಹ ಮೂಲೆ ಸೇರಿತು. 2022ರಲ್ಲಿ ಆಪಲ್ ಕೂಡ 27 ಇಂಚಿನ ಐಮ್ಯಾಕ್ ನಿಲ್ಲಿಸಿ, ಮ್ಯಾಕ್ ಸ್ಟುಡಿಯೊ ಮತ್ತು ಸ್ಟುಡಿಯೊ ಡಿಸ್‌ಪ್ಲೇ ಎಂದು ಎರಡನ್ನೂ ಬಿಡಿಬಿಡಿಯಾಗಿ ಮಾರತೊಡಗಿತು.

ಆಯುಸ್ಸಿಗಿಂತ ದೊಡ್ಡ ವಿಷಯ ಬಣ್ಣದ್ದು. ಮಿಂಚುಳ್ಳಿಯ ಬೆನ್ನಿನ ಹಸಿರು ಬೆರೆತ ನೀಲಿಯನ್ನೇ ತೆಗೆದುಕೊಳ್ಳಿ. ಎಸ್‌ಆರ್‌ಜಿಬಿ ಎಂಬ ಕಿರಿದಾದ ಬಣ್ಣದ ಹರವನ್ನಷ್ಟೇ ತೋರಿಸುವ ಪರದೆಯಲ್ಲಿ ಇಂಥ ಗಾಢ ಬಣ್ಣ ಚಪ್ಪಟೆಯಾಗಿ, ಗರಿಯ ಎಳೆಗಳು ಒಂದರಲ್ಲೊಂದು ಕಲೆಯಬಹುದು. ಅದಕ್ಕಿಂತ ವಿಶಾಲವಾದ ಅಡೋಬ್ ಆರ್‌ಜಿಬಿಯ ಹರವಿಗೆ ಹತ್ತಿರವಾದ ಮಾನಿಟರಿನಲ್ಲಿ ಎಳೆಗಳು ಬಿಡಿಸಿಕೊಳ್ಳುತ್ತವೆ. ಈಜೋ ಕಲರ್‌ಎಡ್ಜ್, ಬೆನ್‌ಕ್ಯೂ ಎಸ್‌ಡಬ್ಲ್ಯೂ ಬಗೆಯ ಮಾನಿಟರುಗಳಲ್ಲಿ ಬಣ್ಣ ಸರಿಹೊಂದಿಸುವ ಕ್ಯಾಲಿಬ್ರೇಶನ್ ತಿದ್ದುಪಡಿ, ಕಂಪ್ಯೂಟರ್ ಬದಲಾದರೂ, ಮಾನಿಟರಿನೊಳಗೇ ಉಳಿಯುತ್ತದೆ. ಪ್ರಿಂಟ್ ಕಪ್ಪಗೆ ಬಂತೆಂದು ಲ್ಯಾಬನ್ನು ದೂರುವ ಮೊದಲು ಪರದೆಯ ಬೆಳಕು ನೋಡಬೇಕು. ಅಚ್ಚಿಗೆ ಹೋಗುವ ಚಿತ್ರವನ್ನು 80ರಿಂದ 120 ನಿಟ್ಸ್ ಬೆಳಕಿನಲ್ಲಿ ತಿದ್ದುವುದು ವಾಡಿಕೆ. 400 ನಿಟ್ಸ್‌ನಲ್ಲಿ ಉರಿಯುವ ಪರದೆ ನೋಡಿ ತಿದ್ದಿದ್ದು ಕಾಗದದ ಮೇಲೆ ಮಂಕಾಗದೆ ಇನ್ನೇನು?

ಆಲ್-ಇನ್-ಒನ್ ಅಗ್ಗ, ಅಚ್ಚುಕಟ್ಟು ಎಂಬ ವಾದವಿದೆ. ಒಂದು ಕಾಲಕ್ಕೆ ಅದು ನಿಜವೇ. 2014ರಲ್ಲಿ ಡೆಲ್ ಬರೀ 5ಕೆ ಮಾನಿಟರಿಗೆ ಹೇಳಿದ್ದು ಸುಮಾರು 2,500 ಡಾಲರ್. ಅಷ್ಟೇ ಹಣಕ್ಕೆ ಆಪಲ್ ಇಡೀ ಐಮ್ಯಾಕ್ ಕೊಟ್ಟಿತು. ಆಗ ಅದನ್ನು ಕೊಂಡವರು ದಡ್ಡರಲ್ಲ. ಆದರೆ ಲೆಕ್ಕ ಈಗ ತಿರುಗಿದೆ. 16 ಜಿಬಿ ಮೆಮೊರಿಯ ಎಂ4 ಮ್ಯಾಕ್ ಮಿನಿ 2024ರಲ್ಲಿ 59,900 ರೂಪಾಯಿಗೆ ಬಂತು, ಅದೂ ಅಂಗೈ ಅಗಲದ ಡಬ್ಬಿ. ಮೇಜಿನ ಅಚ್ಚುಕಟ್ಟಿಗೂ ಕುಂದಿಲ್ಲ. ಬರೀ ಮನೆಯ ಆಲ್ಬಮ್, ಮೊಬೈಲಿಗೆ ಹೋಗುವ ಚಿತ್ರಗಳಷ್ಟೇ ಆದರೆ ಆಲ್-ಇನ್-ಒನ್ ಧಾರಾಳವಾಗಿ ಸಾಕು. ಪ್ರಿಂಟ್ ತೆಗೆಸುವವರು, ಸ್ಪರ್ಧೆಗೆ ಕಳಿಸುವವರು ಮಾತ್ರ ಬಿಡಿಬಿಡಿಯಾಗಿಯೇ ಕೊಳ್ಳಲಿ. ಇಟ್ಟುಕೊಂಡ ಹಣದಲ್ಲಿ ಅರ್ಧವನ್ನು ಮೊದಲೇ ಮಾನಿಟರಿಗೂ ಕ್ಯಾಲಿಬ್ರೇಟರಿಗೂ ತೆಗೆದಿಡಿ. ಮಿಕ್ಕಿದ್ದರಲ್ಲಿ ಬರುವ ಕಂಪ್ಯೂಟರ್ ಸಾಕು.