ಬಾಚಣಿಗೆ ಗೆರೆಗಳೂ ಡಿವಿಡಿ ಪ್ರತಿಯೂ

ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವಗಳ ವಿಡಿಯೋ ಕ್ಯಾಸೆಟ್ಟುಗಳು ನಿಮ್ಮ ಬೀರುವಿನಲ್ಲಿ ಇನ್ನೂ ಇರಬಹುದು. ವಿಎಚ್‌ಎಸ್ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ ಕೂಡ 2016ರಲ್ಲಿ ಆ ಕೆಲಸ ನಿಲ್ಲಿಸಿತು. ಆದ್ದರಿಂದ ಕ್ಯಾಸೆಟ್ಟುಗಳನ್ನು ಡಿವಿಡಿಗೆ ಇಳಿಸಿಕೊಳ್ಳುವುದು ಸರಿಯೇ. ಆಕ್ಷೇಪವಿರುವುದು ಇಳಿಸುವ ಕ್ರಮದಲ್ಲಿ ಬೇರುಬಿಟ್ಟಿರುವ ಒಂದು ಅಭ್ಯಾಸದ ಬಗೆಗೆ.

ಕ್ಯಾಸೆಟ್ಟಿನ ಚಿತ್ರವನ್ನು ಕಂಪ್ಯೂಟರಿಗೆ ತಂದು ಒಂದೆಡೆ ನಿಲ್ಲಿಸಿ ನೋಡಿ. ಕೋಲಾಟದ ಹುಡುಗಿಯ ಕೈಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿರುತ್ತದೆ. ಇದನ್ನು ದೋಷವೆಂದು ಭಾವಿಸಿದವರು ತಂತ್ರಾಂಶದಲ್ಲಿ 'ಡಿಇಂಟರ್‌ಲೇಸ್' ಎಂಬ ಚೌಕಕ್ಕೆ ಗುರುತು ಹಾಕುತ್ತಾರೆ. ಹಲ್ಲುಗಳು ಮಾಯವಾಗುತ್ತವೆ, ಗಿರಾಕಿಗೂ ಸಂತೋಷ. ಆದರೆ ಅಲ್ಲಿ ನಡೆದದ್ದೇನು?

ನಮ್ಮ ದೂರದರ್ಶನ 1982ರಲ್ಲಿ ಬಣ್ಣದ ಪ್ರಸಾರಕ್ಕೆ ಆರಿಸಿಕೊಂಡ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮುಗಳು. ಡಿಜಿಟಲ್ ರೂಪದಲ್ಲಿ ಒಂದೊಂದು ಫ್ರೇಮಿಗೆ 576 ಗೆರೆಗಳು. ವಿಡಿಯೋ ಕ್ಯಾಮೆರಾ ಇವನ್ನು ಒಟ್ಟಿಗೆ ಸೆರೆಹಿಡಿಯುವುದಿಲ್ಲ. 1, 3, 5ನೆಯ ಗೆರೆಗಳು ಒಂದು ಕ್ಷಣದವು, 2, 4, 6ನೆಯವು ಸೆಕೆಂಡಿನ ಐವತ್ತರಲ್ಲೊಂದು ಭಾಗ ಆಚೀಚಿನವು. 288 ಗೆರೆಗಳ ಈ ಒಂದೊಂದು ಗುಂಪಿಗೆ ಫೀಲ್ಡು ಎಂದು ಹೆಸರು. ಹೀಗೆ ಹೆಣೆಯುವುದೇ ಇಂಟರ್‌ಲೇಸಿಂಗ್. ಸೆಕೆಂಡಿಗೆ 25 ಸಲ ಮಾತ್ರ ಬೆಳಗುವ ಪರದೆ ಕಣ್ಣಿಗೆ ಮಿಣುಕುತ್ತದೆ. 50 ಪೂರ್ಣ ಚಿತ್ರಗಳನ್ನು ಕಳುಹಿಸಲು ಇಮ್ಮಡಿ ಬ್ಯಾಂಡ್‌ವಿಡ್ತ್ ಬೇಕು. ಈ ಎರಡರ ನಡುವೆ ಹುಡುಕಿದ ಜಾಣ ಉಪಾಯವಿದು.

ಈಗ ಹಲ್ಲುಗಳ ಲೆಕ್ಕ ನೋಡಿ. 720 ಬಿಂದುಗಳ ಅಗಲದ ಪರದೆಯನ್ನು ಒಂದು ಸೆಕೆಂಡಿನಲ್ಲಿ ದಾಟುವ ವಸ್ತು ಒಂದು ಫೀಲ್ಡಿನಿಂದ ಇನ್ನೊಂದಕ್ಕೆ 14 ಬಿಂದುಗಳಷ್ಟು ಸರಿದಿರುತ್ತದೆ. ಹಲ್ಲಿನ ಉದ್ದವೂ ಅಷ್ಟೇ. ಅಂದರೆ ನೀವು ಕಂಡದ್ದು ಎರಡು ಬೇರೆ ಕ್ಷಣಗಳನ್ನು, ಒಂದೇ ಚಿತ್ರದಲ್ಲಿ. ಡಿಇಂಟರ್‌ಲೇಸ್ ಮಾಡಿ 25 ಫ್ರೇಮುಗಳನ್ನೇ ಉಳಿಸಿಕೊಳ್ಳುವ ತಂತ್ರಾಂಶ ಒಂದು ಫೀಲ್ಡನ್ನು ಎಸೆದು ಉಳಿದದ್ದನ್ನು ಹಿಗ್ಗಿಸುತ್ತದೆ. ಆಗ ಓರೆ ಗೆರೆಗಳು ಮೆಟ್ಟಿಲು ಮೆಟ್ಟಿಲಾಗುತ್ತವೆ. ಇಲ್ಲವೇ ಎರಡನ್ನೂ ಬೆರೆಸುತ್ತದೆ. ಆಗ ಕೋಲು ಎರಡು ಮಸುಕು ಕೋಲಾಗುತ್ತದೆ. ಇನ್ನೂ ಜಾಣ ವಿಧಾನಗಳು ನಿಶ್ಚಲ ಭಾಗಗಳನ್ನು ಕಾಪಾಡುತ್ತವೆ, ಆದರೆ 25 ಫ್ರೇಮಿಗೇ ನಿಂತರೆ ಚಲನೆಯ ಅರ್ಧ ಕಳೆದಂತೆಯೇ. ಭೌತವಿಜ್ಞಾನದ ಅಧ್ಯಾಪಕರಿಗೆ ಇದು ಬೇಗ ಅರ್ಥವಾದೀತು. ಒಂದು ಮೀಟರ್ ಎತ್ತರದಿಂದ ಬೀಳುವ ಚೆಂಡು ನೆಲ ಮುಟ್ಟಲು ಸುಮಾರು 0.45 ಸೆಕೆಂಡು. ಫೀಲ್ಡುಗಳನ್ನು ಬಿಡಿಸಿದರೆ ಅದರ ಸ್ಥಾನದ 22 ಅಳತೆಗಳು ಸಿಗುತ್ತವೆ, ಡಿಇಂಟರ್‌ಲೇಸ್ ಆದ ಪ್ರತಿಯಲ್ಲಿ 11. ಕ್ಯಾಸೆಟ್ಟನ್ನು ಎಸೆದಿದ್ದರೆ ಉಳಿದ 11 ಮತ್ತೆ ಬಾರವು.

'ಹಾಗಾದರೆ ಟಿವಿಯಲ್ಲಿ ಹಲ್ಲುಗಳು ಕಾಣಿಸವೇ?' ಎಂದು ನೀವು ಕೇಳಬಹುದು. ಹಳೆಯ ಪಿಕ್ಚರ್ ಟ್ಯೂಬಿನ ಟಿವಿ ಫೀಲ್ಡುಗಳನ್ನು ಒಂದಾದ ಮೇಲೊಂದರಂತೆ ತೋರಿಸುತ್ತಿತ್ತು. ಈಗಿನ ಚಪ್ಪಟೆ ಟಿವಿಗಳು, ಕೆಲವು ಪ್ಲೇಯರುಗಳು, ಈ ಬಿಡಿಸುವ ಕೆಲಸವನ್ನು ತಾವೇ ಮಾಡಿಕೊಳ್ಳುತ್ತವೆ. ಹೊಸ ಯಂತ್ರ ಬಂದಂತೆ ಆ ಕೆಲಸ ಉತ್ತಮಗೊಳ್ಳುತ್ತದೆ. ಡಿಸ್ಕಿನಲ್ಲಿ ಒಮ್ಮೆ ಮಾಡಿದ್ದು ಹಾಗೇ ಉಳಿಯುತ್ತದೆ. ಇನ್ನೊಂದು ಮಾತು: 576 ಗೆರೆಗಳ ಪೂರ್ಣ ಚಿತ್ರಗಳನ್ನು ಸೆಕೆಂಡಿಗೆ 50ರಂತೆ ಇಡಲು ಡಿವಿಡಿ ವಿಡಿಯೋ ನಿಯಮಗಳಲ್ಲಿ ಅವಕಾಶವಿಲ್ಲ. ಆ 50 ಕ್ಷಣಗಳೂ ಬೇಕಾದರೆ ಡಿವಿಡಿಯಲ್ಲಿ ಇಂಟರ್‌ಲೇಸಿಂಗ್ ಒಂದೇ ದಾರಿ. ಎಂಪೆಗ್-2 ಸಂಕೇತನದಲ್ಲಿ ಅದಕ್ಕೆ ಬೇಕಾದ ಏರ್ಪಾಡು ಮೊದಲಿನಿಂದಲೂ ಇದೆ.

ಹೀಗೆ ಉಳಿಸಿಕೊಳ್ಳಲು ಹೊರಟವರೂ ಎಡವುವ ಒಂದು ಜಾಗವುಂಟು. ಡಿವಿ ಕ್ಯಾಮೆರಾದ ಧ್ವನಿಚಿತ್ರದಲ್ಲಿ ಕೆಳಗಿನ ಫೀಲ್ಡು ಮೊದಲು. ಕೆಲವು ಕ್ಯಾಪ್ಚರ್ ಕಾರ್ಡುಗಳಲ್ಲಿ ಮೇಲಿನದು ಮೊದಲು. ಡಿವಿಡಿ ಎರಡನ್ನೂ ಒಪ್ಪುತ್ತದೆ, ಆದರೆ ಯಾವುದು ಮೊದಲೆಂದು ಸರಿಯಾಗಿ ಹೇಳಿರಬೇಕು. ತಪ್ಪಿ ಹೇಳಿದರೆ ಚಲಿಸುವ ವಸ್ತು ಒಂದು ಹೆಜ್ಜೆ ಹಿಂದೆ, ಮೂರು ಹೆಜ್ಜೆ ಮುಂದೆ ಎಂಬಂತೆ ನಡುಗುತ್ತದೆ. ಈ ನಡುಕವನ್ನು ಕಂಡು 'ಇಂಟರ್‌ಲೇಸಿಂಗೇ ಕೆಟ್ಟದ್ದು' ಎಂದು ತೀರ್ಮಾನಿಸುವವರಿದ್ದಾರೆ. ವಿಎಚ್‌ಎಸ್ ಚಿತ್ರದ ತಳದಲ್ಲಿ ಕಲಕಿದಂತಿರುವ ಗೆರೆಗಳನ್ನು ಕತ್ತರಿಸಿ ಚಿತ್ರವನ್ನು ಎಳೆದು ಹಿಗ್ಗಿಸುವುದೂ ಬೇಡ: ಎರಡು ಕ್ಷಣಗಳ ಗೆರೆಗಳು ಬೆರೆತುಹೋಗುತ್ತವೆ. ಆ ಭಾಗವನ್ನು ಕಪ್ಪಾಗಿಸಿದರೆ ಸಾಕು.

ಡಿಇಂಟರ್‌ಲೇಸ್ ಎಲ್ಲಿಯೂ ಸಲ್ಲದೆಂದಲ್ಲ. ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ನೋಡಲು ಬೇರೊಂದು ಪ್ರತಿ ಬೇಕಾದರೆ ಒಂದೊಂದು ಫೀಲ್ಡಿನಿಂದ ಒಂದೊಂದು ಫ್ರೇಮು ಕಟ್ಟಿ ಸೆಕೆಂಡಿಗೆ 50 ಫ್ರೇಮುಗಳ ಕಡತ ಮಾಡಿಕೊಳ್ಳಬಹುದು. ಉಚಿತವಾಗಿ ದೊರೆಯುವ ಎಫ್‌ಎಫ್‌ಎಂಪೆಗ್ ತಂತ್ರಾಂಶದ ಯಾಡಿಫ್ ಸೋಸುಕ ಇದನ್ನು ಮಾಡುತ್ತದೆ. ಮೂಲ ಪ್ರತಿ ಮಾತ್ರ ಹೆಣೆದಂತೆಯೇ ಇರಲಿ.

ನಿಮ್ಮಲ್ಲಿ ಈಗಾಗಲೇ ಇರುವ ಡಿವಿಡಿಯನ್ನು ಪರೀಕ್ಷಿಸುವುದು ಸುಲಭ. ಕಂಪ್ಯೂಟರಿನ ಪ್ಲೇಯರ್ ತಂತ್ರಾಂಶದಲ್ಲಿ ಡಿಇಂಟರ್‌ಲೇಸ್ ಸೌಲಭ್ಯವನ್ನು ಆಫ್ ಮಾಡಿ, ಯಾರಾದರೂ ಕೈ ಬೀಸುವ ದೃಶ್ಯದಲ್ಲಿ ನಿಲ್ಲಿಸಿ, ಒಂದೊಂದೇ ಫ್ರೇಮು ಮುಂದೆ ಸರಿಸಿ. ಬಾಚಣಿಗೆಯ ಹಲ್ಲುಗಳು ಕಂಡರೆ ಎರಡೂ ಕ್ಷಣಗಳು ಉಳಿದಿವೆ. ಅಂಚುಗಳು ನುಣುಪಾಗಿದ್ದರೆ, ಇಲ್ಲವೇ ಎರಡು ಮಸುಕು ಕೈಗಳು ಕಂಡರೆ, ಕ್ಯಾಸೆಟ್ಟು ಇನ್ನೂ ಬೀರುವಿನಲ್ಲಿದೆಯೇ ನೋಡಿ.